ಮುಂಡಶ್ಶೇರಿ ಮೇಷ್ಟ್ರು: ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಶಾಲೆಗಳ ಮಾತು ಬಂದಾಗಲೆಲ್ಲ ಜೋಸೆಫ್ ಮುಂಡಶ್ಶೇರಿ ಅನ್ನೋ ಹೆಸರು ಬರುತ್ತದೆ. ಮಲಯಾಳಂ ವಿಮರ್ಶೆಯ ಮಾತು ಬಂದಾಗಲೂ ಅದೇ ಹೆಸರು. ಇಬ್ಬರೂ ಒಬ್ಬರೇನಾ ಎಂದು ಕೇಳಿದವರೂ ಇದ್ದಾರೆ. ಹೌದು, ಒಬ್ಬರೇ. ಗೆಳೆಯರು, ಓದುಗರು, ಗಡಿನಾಡಿನ ಮೇಷ್ಟ್ರುಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಇಟ್ಟಿದ್ದೇನೆ.

ಯಾರು ಇವರು? ಚುಟುಕಾಗಿ ಹೇಳಿ.

ಕಾಲೇಜು ಮೇಷ್ಟ್ರು, ಸಾಹಿತ್ಯ ವಿಮರ್ಶಕ, ದೊಡ್ಡ ಭಾಷಣಕಾರ, ಕಾದಂಬರಿಕಾರ, ಪತ್ರಿಕೆಯ ಸಂಪಾದಕ. 1957ರಲ್ಲಿ ಇ.ಎಂ.ಎಸ್. ನಂಬೂದಿರಿಪಾಡ್ ಅವರ ಕಮ್ಯುನಿಸ್ಟ್ ಸರ್ಕಾರದಲ್ಲಿ ಶಿಕ್ಷಣ ಮಂತ್ರಿ, ಅಂದರೆ ಕೇರಳ ರಾಜ್ಯದ ಮೊದಲ ಶಿಕ್ಷಣ ಮಂತ್ರಿ. ಆಮೇಲೆ ಕೊಚ್ಚಿ ವಿಶ್ವವಿದ್ಯಾಲಯದ ಮೊದಲ ಕುಲಪತಿ. ಹುಟ್ಟಿದ್ದು 1903ರ ಜುಲೈ 17, ತೀರಿಕೊಂಡದ್ದು 1977ರ ಅಕ್ಟೋಬರ್ 25.

ಈ ಪಟ್ಟಿ ಓದಿದರೆ ನಾಲ್ಕೈದು ಬೇರೆ ಬೇರೆ ಬದುಕು ಅನ್ನಿಸುತ್ತದೆ. ನನಗೆ ಹಾಗೆ ಕಾಣುವುದಿಲ್ಲ. ತರಗತಿಯಲ್ಲಿ ನಿಂತ ಒಬ್ಬ ಮೇಷ್ಟ್ರು ತಾನು ಕಂಡದ್ದನ್ನು ಮೊದಲು ಲೇಖನದಲ್ಲಿ ಹೇಳಿದರು, ಆಮೇಲೆ ವೇದಿಕೆಯಲ್ಲಿ ಹೇಳಿದರು, ಕಡೆಗೆ ಕಾನೂನಿನಲ್ಲಿ ಬರೆದರು. ಅಷ್ಟೇ.

ಊರು ಯಾವುದು? ಓದಿದ್ದೇನು?

ಊರು ಕಂಡಶ್ಶಾಂಕಡವು. ತ್ರಿಶೂರಿನಿಂದ ಪಶ್ಚಿಮಕ್ಕೆ, ಕಡಲಿನ ಕಡೆಗೆ ಹೋಗುವ ದಾರಿಯಲ್ಲಿ, ಕನೋಲಿ ಕಾಲುವೆಯ ದಡದಲ್ಲಿದೆ. ‘ಕಡವು’ ಅಂದರೆ ದೋಣಿ ದಾಟುವ ಜಾಗ. ನಮ್ಮ ಕರಾವಳಿಯವರಿಗೆ ಈ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಗ ಅದು ಕೊಚ್ಚಿ ಸಂಸ್ಥಾನ. ಮನೆಯವರು ಸಿರಿಯನ್ ಕ್ಯಾಥೊಲಿಕರು.

ಓದಿದ್ದು ಭೌತಶಾಸ್ತ್ರ, ತ್ರಿಶೂರಿನ ಸೇಂಟ್ ಥಾಮಸ್ ಕಾಲೇಜಿನಲ್ಲಿ. ಆಮೇಲೆ ಮದ್ರಾಸ್ ವಿಶ್ವವಿದ್ಯಾಲಯದಿಂದ ಸಂಸ್ಕೃತ ಮತ್ತು ಮಲಯಾಳಂನಲ್ಲಿ ಎಂ.ಎ. ಮಾಡಿದರು. ತಾವು ಓದಿದ ಅದೇ ಕಾಲೇಜಿನಲ್ಲಿ ಭಾಷಾ ವಿಭಾಗದ ಮೇಷ್ಟ್ರಾದರು. ಎರಡು ದಶಕಕ್ಕಿಂತ ಜಾಸ್ತಿ ಅಲ್ಲೇ ಪಾಠ ಮಾಡಿದರು. ಹೆಸರಿನ ಹಿಂದೆ ‘ಪ್ರೊಫೆಸರ್’ ಅನ್ನೋದು ಅಂಟಿಕೊಂಡದ್ದು ಹಾಗೆ. ಮಂತ್ರಿಯಾದಾಗಲೂ ಅದು ಬಿಟ್ಟುಹೋಗಲಿಲ್ಲ.

ವಿಜ್ಞಾನ ಓದಿ ಸಂಸ್ಕೃತಕ್ಕೆ ಬಂದ ಈ ತಿರುವು ಸಣ್ಣದಲ್ಲ. ಅವರ ವಿಮರ್ಶೆ ಓದುವಾಗ ಒಂದು ಗುಣ ಕಾಣುತ್ತದೆ. ಸುಮ್ನೆ ಹೊಗಳುವುದಿಲ್ಲ, ಸುಮ್ನೆ ತೆಗಳುವುದಿಲ್ಲ. ಒಂದು ಮಾತು ಹೇಳಿದರೆ ಅದಕ್ಕೆ ಕಾರಣ ಕೊಡುತ್ತಾರೆ, ಆ ಕಾರಣಕ್ಕೊಂದು ಅಳತೆ ಕೊಡುತ್ತಾರೆ. ಅವರ ಒಂದು ವಿಮರ್ಶಾ ಪುಸ್ತಕದ ಹೆಸರೇ ‘ಮಾನದಂಡಂ’.

ಮಲಯಾಳಂ ವಿಮರ್ಶೆಗೆ ಅವರು ಮಾಡಿದ್ದೇನು?

ಒಂದು ಕಾಲಕ್ಕೆ ಅಲ್ಲಿನ ವಿಮರ್ಶೆ ಅಂದರೆ ಬಹುಪಾಲು ವ್ಯಾಕರಣ, ಅಲಂಕಾರ, ಛಂದಸ್ಸು. ಪ್ರಾಸ ಸರಿ ಇದೆಯೇ, ಪದ ಶುದ್ಧವಾಗಿದೆಯೇ ಅನ್ನೋ ತಕರಾರು. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ನಾಲ್ವರು ಅದನ್ನು ಬೇರೆ ದಾರಿಗೆ ತಂದರು: ಕೇಸರಿ ಬಾಲಕೃಷ್ಣ ಪಿಳ್ಳೆ, ಎಂ.ಪಿ. ಪಾಲ್, ಕುಟ್ಟಿಕೃಷ್ಣ ಮಾರಾರ್, ಮುಂಡಶ್ಶೇರಿ. ನಾಲ್ವರದೂ ನಾಲ್ಕು ದಾರಿ. ಕೇಸರಿ ಯುರೋಪಿನ ಹೊಸ ಸಾಹಿತ್ಯವನ್ನು ಮಲಯಾಳಿಗಳ ಮುಂದೆ ತಂದು ಸುರಿದರು. ಪಾಲ್ ಕಾದಂಬರಿ ಮತ್ತು ಸಣ್ಣಕಥೆಯನ್ನು ಓದುವ ಬಗೆ ಕಲಿಸಿದರು. ಮಾರಾರ್ ಸಂಸ್ಕೃತದ ನೆಲದಲ್ಲಿ ಗಟ್ಟಿಯಾಗಿ ನಿಂತು ಮಾತಾಡಿದರು.

ಮುಂಡಶ್ಶೇರಿಯವರ ಕೆಲಸ ಎರಡು ಕಡೆಯನ್ನೂ ಜೋಡಿಸಿದ್ದು. ‘ಕಾವ್ಯಪೀಠಿಕ’ ಎಂಬ ಪುಸ್ತಕದಲ್ಲಿ ನಮ್ಮ ರಸ, ಧ್ವನಿ, ಔಚಿತ್ಯದ ವಿಚಾರವನ್ನೂ ಪಶ್ಚಿಮದ ಕಾವ್ಯವಿಚಾರವನ್ನೂ ಎದುರುಬದುರು ಇಟ್ಟು ನೋಡಿದರು. ಇದು ದೊಡ್ಡದು ಅಂತ ಒಂದನ್ನು ಎತ್ತಿ ಇನ್ನೊಂದನ್ನು ಕೆಳಗಿಡಲಿಲ್ಲ. ಎರಡೂ ಒಂದೇ ಪ್ರಶ್ನೆಗೆ ಉತ್ತರ ಹುಡುಕುತ್ತಿವೆ ಎಂದು ತೋರಿಸಲು ನೋಡಿದರು. ಕಾಳಿದಾಸನ ಬಗ್ಗೆ ಬರೆದರು, ಮಲಯಾಳಂ ಕವಿಗಳಾದ ಕುಮಾರನ್ ಆಶಾನ್, ವಳ್ಳತ್ತೋಳ್, ಉಳ್ಳೂರರ ಬಗ್ಗೆ ಬರೆದರು.

ಚಂಗಂಪುಳ ಅವರ ‘ರಮಣನ್’ ಕಾವ್ಯಕ್ಕೆ ಮುಂಡಶ್ಶೇರಿ ಬರೆದ ಮುನ್ನುಡಿ ಇಂದಿಗೂ ಪ್ರಸಿದ್ಧ. ಮಲಯಾಳಂನಲ್ಲಿ ಮುನ್ನುಡಿಗೆ ‘ಅವತಾರಿಕ’ ಅನ್ನುತ್ತಾರೆ. ಜನ ಬಾಯಿಪಾಠ ಮಾಡಿ ಹಾಡುತ್ತಿದ್ದ ಕಾವ್ಯ ಅದು. ಅಂಥದ್ದನ್ನು ಅಳ್ಳಕ ಅಂತ ಪಕ್ಕಕ್ಕೆ ಸರಿಸದೆ ಕೂತು ಓದಿದ ಮೇಷ್ಟ್ರು ಇವರು. ಇದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಜನರಿಗೆ ಇಷ್ಟವಾದದ್ದನ್ನು ಗೌರವದಿಂದ ಓದುವ ವಿಮರ್ಶಕರು ಎಲ್ಲ ಭಾಷೆಯಲ್ಲೂ ಕಡಿಮೆಯೇ.

‘ರೂಪಭದ್ರತೆ’ ಅಂದರೇನು? ಅದಕ್ಕೆ ಯಾಕೆ ಅಷ್ಟು ಜಗಳ?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಪದ. ನಮಗೆ ‘ಭದ್ರತೆ’ ಅಂದ ಕೂಡಲೇ ಕಾವಲು, ಪಹರೆ ನೆನಪಾಗುತ್ತದೆ. ಇಲ್ಲಿ ಆ ಅರ್ಥ ಅಲ್ಲ. ‘ಭದ್ರವಾಗಿ ಕಟ್ಟಿದ್ದಾನೆ’ ಅನ್ನುತ್ತೇವಲ್ಲ, ಆ ಭದ್ರ. ಕೃತಿಯ ಕಟ್ಟು ಗಟ್ಟಿಯಾಗಿರಬೇಕು ಅನ್ನೋದು ಮಾತಿನ ತಿರುಳು.

ಇನ್ನು ಹಿನ್ನೆಲೆ. 1937ರಲ್ಲಿ ಕೇರಳದಲ್ಲಿ ‘ಜೀವತ್ ಸಾಹಿತ್ಯ ಸಂಘಂ’ ಹುಟ್ಟಿತು. 1944ರಲ್ಲಿ ಅದು ‘ಪುರೋಗಮನ ಸಾಹಿತ್ಯ ಸಂಘಂ’ ಆಯಿತು. ಪುರೋಗಮನ ಅಂದರೆ ಮುನ್ನಡೆ, ನಮ್ಮಲ್ಲಿ ಪ್ರಗತಿಶೀಲ ಅಂದ ಹಾಗೆ. ಸಾಹಿತ್ಯ ದುಡಿಯುವವರ ಪರವಾಗಿ ನಿಲ್ಲಬೇಕು, ಬಡತನವನ್ನು, ದೌರ್ಜನ್ಯವನ್ನು ಕಂಡು ಬರೆಯಬೇಕು ಅನ್ನುವುದರಲ್ಲಿ ಎಲ್ಲರೂ ಒಂದೇ. ಕಮ್ಯುನಿಸ್ಟ್ ಪಕ್ಷದವರೂ ಇದ್ದರು, ಪಕ್ಷದ ಹೊರಗಿನವರೂ ಇದ್ದರು.

ಬಿರುಕು ಬಿಟ್ಟದ್ದು ಒಂದು ಪ್ರಶ್ನೆಯಲ್ಲಿ. ವಿಷಯ ಸರಿ ಇದ್ದರೆ ಸಾಕೇ? ಹೋರಾಟದ ಕಥೆ ಬರೆದ ಮಾತ್ರಕ್ಕೆ ಅದು ಒಳ್ಳೆಯ ಕಥೆ ಆಗುತ್ತದೆಯೇ? ಮುಂಡಶ್ಶೇರಿ ಇಲ್ಲ ಅಂದರು. ವಿಷಯ ಎಷ್ಟೇ ದೊಡ್ಡದಿರಲಿ, ಅದಕ್ಕೆ ತಕ್ಕ ರೂಪ ಸಿಗದಿದ್ದರೆ ಓದುಗನನ್ನು ಮುಟ್ಟುವುದಿಲ್ಲ ಅನ್ನೋದು ಅವರ ವಾದ. ಇದು ‘ಕಲೆಗಾಗಿ ಕಲೆ’ ಅನ್ನುವವರ ಮಾತಲ್ಲ, ಗಮನಿಸಿ. ಸಾಹಿತ್ಯಕ್ಕೆ ಸಮಾಜದ ಜೊತೆ ನಂಟಿದೆ ಅನ್ನೋದನ್ನು ಅವರು ಯಾವತ್ತೂ ಬಿಡಲಿಲ್ಲ. ಆ ನಂಟು ಕೆಲಸ ಮಾಡಬೇಕಾದರೆ ಕೃತಿ ಗಟ್ಟಿಯಾಗಿರಬೇಕು ಅಂದರು ಅಷ್ಟೇ.

ಪಕ್ಷದ ಕಡೆಯವರಿಗೆ ಇದು ಹಿಡಿಸಲಿಲ್ಲ. ರೂಪ, ರೂಪ ಅಂದರೆ ಹೋರಾಟದ ಮೊನೆ ಮೊಂಡಾಗುತ್ತದೆ ಅಂದರು. ಇ.ಎಂ.ಎಸ್. ಸೇರಿ ಪಕ್ಷದ ಚಿಂತಕರು ಎದುರು ನಿಂತರು. 1940ರ ದಶಕದ ಕೊನೆಗೆ ಸಂಘವೇ ಎರಡು ಹೋಳಾಯಿತು.

ಇಲ್ಲಿ ಒಂದು ವಿಷಯ ನೋಡಿ. ಮುಂಡಶ್ಶೇರಿ ಎಡಕ್ಕೆ ವಾಲಿದರು ಅಂತ ಚರ್ಚಿನವರು ಸಿಟ್ಟಾದರು. ರೂಪದ ಮಾತಾಡಿದರು ಅಂತ ಎಡದವರು ಸಿಟ್ಟಾದರು. ಎರಡೂ ಕಡೆಯಿಂದ ಪೆಟ್ಟು ತಿಂದರು. ಆದರೂ ಎರಡೂ ಮಾತನ್ನು ಬಿಡಲಿಲ್ಲ. ದಶಕಗಳು ಕಳೆದ ಮೇಲೆ ಇ.ಎಂ.ಎಸ್. ತಮ್ಮ ಕೊನೆಯ ವರ್ಷಗಳಲ್ಲಿ, ಈ ವಿಚಾರದಲ್ಲಿ ತಮ್ಮ ಕಡೆಯವರೇ ತಪ್ಪಿದ್ದರು ಎಂದು ಒಪ್ಪಿಕೊಂಡರು. ಅಷ್ಟು ಹೊತ್ತಿಗೆ ಮುಂಡಶ್ಶೇರಿ ಇರಲಿಲ್ಲ. ಒಬ್ಬ ದೊಡ್ಡ ನಾಯಕ ಹಾಗೆ ಒಪ್ಪಿಕೊಂಡದ್ದೂ ಸಣ್ಣ ಮಾತಲ್ಲ.

ಕನ್ನಡದ ಪ್ರಗತಿಶೀಲರಿಗೂ ಇವರಿಗೂ ಏನಾದರೂ ಸಂಬಂಧ ಇತ್ತೇ?

ನೇರ ಸಂಬಂಧಕ್ಕಿಂತ ಒಂದೇ ಗಾಳಿ ಎರಡು ಊರಿನಲ್ಲಿ ಬೀಸಿತು ಅನ್ನೋದು ಸರಿ. ಅದೇ 1940ರ ದಶಕದಲ್ಲಿ ಇಲ್ಲಿ ಅ.ನ.ಕೃ., ತ.ರಾ.ಸು., ನಿರಂಜನ, ಬಸವರಾಜ ಕಟ್ಟೀಮನಿ ಬರೆಯುತ್ತಿದ್ದರು. ಅಲ್ಲಿ ಎದ್ದ ಪ್ರಶ್ನೆಗಳೇ ಇಲ್ಲೂ ಎದ್ದವು. ಕೇರಳದ ನೆಲವೂ ಕನ್ನಡದ ಬರವಣಿಗೆಯೂ ಕೂಡಿದ ಜಾಗ ಅಂದರೆ ನಿರಂಜನರ ‘ಚಿರಸ್ಮರಣೆ’. ಕಯ್ಯೂರಿನ ರೈತರ ಹೋರಾಟವನ್ನು ಅದು ಕನ್ನಡಕ್ಕೆ ತಂದಿತು. ಕಯ್ಯೂರು ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಈಗ ಕಾಸರಗೋಡು ಜಿಲ್ಲೆ.

ಅವರನ್ನು ದೊಡ್ಡ ಭಾಷಣಕಾರ ಅನ್ನುತ್ತಾರೆ. ಹೇಗೆ?

ಮೊದಲು ಕೇರಳದಲ್ಲಿ ಭಾಷಣಕ್ಕೆ ಇರುವ ಜಾಗ ಏನು ಅಂತ ತಿಳಿಯಬೇಕು. ಮಲಯಾಳಂನಲ್ಲಿ ಭಾಷಣಕ್ಕೆ ‘ಪ್ರಸಂಗಂ’ ಅನ್ನುತ್ತಾರೆ. ನಮಗೆ ಪ್ರಸಂಗ ಅಂದರೆ ಯಕ್ಷಗಾನ. ಆದರೆ ‘ಅಧಿಕಪ್ರಸಂಗಿ’ ಅನ್ನುವಾಗ ನಾವೂ ಆ ಹಳೆಯ ಅರ್ಥವನ್ನೇ ಇಟ್ಟುಕೊಂಡಿದ್ದೇವೆ, ಅಲ್ವಾ?

ಊರೂರಿಗೆ ವಾಚನಾಲಯ ಕಟ್ಟಿದ ನಾಡು ಅದು. 1945ರಿಂದ ಪಿ.ಎನ್. ಪಣಿಕ್ಕರ್ ಅವರ ಗ್ರಂಥಾಲಯ ಚಳವಳಿ ಹಳ್ಳಿಹಳ್ಳಿಗೂ ಹಬ್ಬಿತು. ಸಂಜೆ ಜನ ಅಲ್ಲಿ ಸೇರಿ ಪತ್ರಿಕೆ ಓದುತ್ತಿದ್ದರು, ಓದು ಬಾರದವರಿಗೆ ಓದಿ ಹೇಳುತ್ತಿದ್ದರು. ವಾರ್ಷಿಕೋತ್ಸವಕ್ಕೆ ಒಬ್ಬ ಸಾಹಿತಿಯನ್ನು ಕರೆಯುತ್ತಿದ್ದರು. ಆ ಸಭೆಗೆ ಬರುತ್ತಿದ್ದವರು ಕಾಲೇಜು ಹುಡುಗರು ಮಾತ್ರ ಅಲ್ಲ. ಬೀಡಿ ಕಟ್ಟುವವರು, ನೇಯುವವರು, ಗದ್ದೆ ಕೆಲಸದವರು ಎಲ್ಲ ಬರುತ್ತಿದ್ದರು. ಅವರ ಮುಂದೆ ಕಾಳಿದಾಸನ ಬಗ್ಗೆ ಮಾತಾಡಬೇಕು. ಅದೂ ಅವರು ಎದ್ದು ಹೋಗದ ಹಾಗೆ.

ಮುಂಡಶ್ಶೇರಿ ಈ ವೇದಿಕೆಯಲ್ಲಿ ಬೆಳೆದವರು. ತ್ರಿಶೂರು ಭಾಷಣಕ್ಕೆ ಹೇಳಿ ಮಾಡಿಸಿದ ಊರು. ವಡಕ್ಕುನ್ನಾಥನ್ ದೇವಸ್ಥಾನದ ಸುತ್ತ ತೇಕ್ಕಿನ್‌ಕಾಡ್ ಮೈದಾನ ಇದೆ. ಪೂರಂ ಹಬ್ಬ ನಡೆಯುವುದೂ ಅಲ್ಲೇ, ರಾಜಕೀಯ ಸಭೆ ನಡೆಯುವುದೂ ಅಲ್ಲೇ. ಅವರ ಬರಹದಲ್ಲಿ ಸಂಸ್ಕೃತದ ಭಾರ ಇದೆ. ವೇದಿಕೆಯಲ್ಲಿ ಮಾತ್ರ ವಾದ ಖಡಕ್ಕಾಗಿ, ನೇರವಾಗಿ ಬರುತ್ತಿತ್ತು. ಎದುರಾಳಿಯ ಮಾತನ್ನು ತೆಗೆದುಕೊಂಡು ಎಳೆ ಎಳೆಯಾಗಿ ಬಿಡಿಸುವುದು ಮೇಷ್ಟ್ರ ಅಭ್ಯಾಸ. ಅದೇ ಅಭ್ಯಾಸ ಮುಂದೆ ವಿಧಾನಸಭೆಯಲ್ಲೂ ಕೆಲಸಕ್ಕೆ ಬಂತು.

ಕ್ಯಾಥೊಲಿಕ್ ಮನೆತನದವರು ಕಮ್ಯುನಿಸ್ಟರ ಜೊತೆ ಹೇಗೆ ಸೇರಿದರು?

ಒಂದೇ ದಿನದಲ್ಲಿ ಸೇರಲಿಲ್ಲ. ಮೊದಲು ಅವರು ಕೊಚ್ಚಿಯ ಪ್ರಜಾಮಂಡಲದಲ್ಲಿದ್ದರು. ಅದು ಜವಾಬ್ದಾರಿ ಸರ್ಕಾರಕ್ಕಾಗಿ ಹೋರಾಡಿದ ಸಂಘಟನೆ. 1948ರಲ್ಲಿ ಕೊಚ್ಚಿ ಶಾಸನಸಭೆಗೆ ಆಯ್ಕೆಯಾದರು. 1954ರಲ್ಲಿ ತಿರುವಾಂಕೂರು-ಕೊಚ್ಚಿ ವಿಧಾನಸಭೆಗೆ ಬಂದರು. ಈ ನಡುವೆ ಕಾಲೇಜಿನ ಕೆಲಸವೂ ಮುಗಿಯಿತು. ಚೀನಾಕ್ಕೆ ಹೋಗಿ ಬಂದು ಪ್ರವಾಸ ಕಥನವನ್ನೂ ಬರೆದರು.

ಅವರನ್ನು ಎಡಕ್ಕೆ ತಂದದ್ದು ಮಾರ್ಕ್ಸ್ ಪುಸ್ತಕ ಮಾತ್ರ ಅಂತ ನಾನು ನಂಬುವುದಿಲ್ಲ. ‘ಪ್ರೊಫೆಸರ್’ ಅಂತ ಅವರದೇ ಒಂದು ಕಾದಂಬರಿ ಇದೆ. ಖಾಸಗಿ ಕಾಲೇಜಿನಲ್ಲಿ ಮೇಷ್ಟ್ರು ಪಡುವ ಪಾಡು ಅದರ ವಸ್ತು. ಓದಿದ ಮನುಷ್ಯ, ಮರ್ಯಾದಸ್ಥ. ಆದರೆ ಆಡಳಿತ ಮಂಡಳಿಯ ಮುಂದೆ ತಲೆ ಎತ್ತುವ ಹಾಗಿಲ್ಲ. ಆ ನೋವು ಪುಸ್ತಕದಿಂದ ಕಲಿತದ್ದಲ್ಲ. ಮಂತ್ರಿಯಾಗುವುದಕ್ಕೆ ಸುಮಾರು ಹತ್ತು ವರ್ಷ ಮೊದಲೇ ಅದನ್ನು ಕಥೆ ಮಾಡಿದ್ದರು.

1957ರಲ್ಲಿ ಆದದ್ದೇನು?

1956ರ ನವೆಂಬರ್ 1ರಂದು ಕೇರಳ ರಾಜ್ಯವಾಯಿತು. ಮೊದಲ ಚುನಾವಣೆಯಲ್ಲಿ 126 ಸ್ಥಾನಗಳಲ್ಲಿ ಕಮ್ಯುನಿಸ್ಟ್ ಪಕ್ಷ 60 ಗೆದ್ದಿತು. ಪಕ್ಷ ಬೆಂಬಲಿಸಿದ ಐವರು ಪಕ್ಷೇತರರೂ ಜೊತೆಗೂಡಿದರು. 1957ರ ಏಪ್ರಿಲ್ 5ರಂದು 11 ಜನರ ಮಂತ್ರಿಮಂಡಲ ಪ್ರಮಾಣ ತೆಗೆದುಕೊಂಡಿತು. ಹಣಕಾಸಿಗೆ ಸಿ. ಅಚ್ಯುತ ಮೆನನ್, ಕಂದಾಯಕ್ಕೆ ಕೆ.ಆರ್. ಗೌರಿ, ಕಾನೂನಿಗೆ ವಿ.ಆರ್. ಕೃಷ್ಣ ಅಯ್ಯರ್. ಮಣಲೂರು ಕ್ಷೇತ್ರದಿಂದ ಗೆದ್ದ ಮುಂಡಶ್ಶೇರಿಗೆ ಶಿಕ್ಷಣ. ವಿಮರ್ಶಕನೊಬ್ಬ ಶಿಕ್ಷಣ ಮಂತ್ರಿಯಾದ!

ಆ ವರ್ಷವೇ ತಿರುವಾಂಕೂರು ವಿಶ್ವವಿದ್ಯಾಲಯವನ್ನು ಕೇರಳ ವಿಶ್ವವಿದ್ಯಾಲಯ ಮಾಡುವ ಕಾನೂನು ಬಂತು. ಆದರೆ ಜನ ನೆನಪಿಟ್ಟುಕೊಂಡದ್ದು ಇನ್ನೊಂದನ್ನು.

ಆ ಶಿಕ್ಷಣ ಮಸೂದೆಯಲ್ಲಿ ಅಂಥದ್ದೇನಿತ್ತು?

ಆಗಿನ ಪರಿಸ್ಥಿತಿ ಹೀಗಿತ್ತು. ಕೇರಳದ ಶಾಲೆಗಳಲ್ಲಿ ದೊಡ್ಡ ಪಾಲು ಖಾಸಗಿಯವರದು: ಚರ್ಚು, ನಾಯರ್ ಸಮುದಾಯದ ನಾಯರ್ ಸರ್ವಿಸ್ ಸೊಸೈಟಿ (ಎನ್.ಎಸ್.ಎಸ್.), ಈಳವ ಸಮುದಾಯದ ಎಸ್.ಎನ್.ಡಿ.ಪಿ., ಮುಸ್ಲಿಂ ಸಂಸ್ಥೆಗಳು, ಒಂಟಿ ಮಾಲೀಕರು. ಇವರನ್ನು ‘ಮ್ಯಾನೇಜರ್’ ಅನ್ನುತ್ತಾರೆ. ಸರ್ಕಾರ ಅನುದಾನ ಕೊಡುತ್ತಿತ್ತು, ನೇಮಕ ಮಾಡುವವರು ಮ್ಯಾನೇಜರ್. ಎಷ್ಟೋ ಕಡೆ ಮೇಷ್ಟ್ರು ಪುಸ್ತಕದಲ್ಲಿ ಒಂದು ಮೊತ್ತಕ್ಕೆ ಸಹಿ ಹಾಕಬೇಕು, ಕೈಗೆ ಬರುವುದು ಅದಕ್ಕಿಂತ ಕಡಿಮೆ. ನಾಳೆ ಬರಬೇಡ ಅಂದರೆ ಮುಗಿಯಿತು, ಕೇಳುವವರಿಲ್ಲ. ಇದನ್ನು ಸರಿ ಮಾಡಲು ಮೊದಲೂ ಪ್ರಯತ್ನಗಳು ನಡೆದಿದ್ದವು. ಆದರೆ ತಿರುವಾಂಕೂರು, ಕೊಚ್ಚಿ, ಮದ್ರಾಸಿಗೆ ಸೇರಿದ್ದ ಮಲಬಾರು, ಹೀಗೆ ಮೂರು ಕಡೆ ಮೂರು ಬಗೆಯ ನಿಯಮ.

1957ರ ಜುಲೈನಲ್ಲಿ ಮುಂಡಶ್ಶೇರಿ ಮಸೂದೆ ಮಂಡಿಸಿದರು. ಸೆಪ್ಟೆಂಬರ್ 2ರಂದು ಸಭೆ ಒಪ್ಪಿತು. ಮುಖ್ಯ ಮಾತುಗಳು ಇವು. ಅನುದಾನಿತ ಶಾಲೆಯ ಮೇಷ್ಟ್ರ ಸಂಬಳವನ್ನು ಸರ್ಕಾರವೇ ನೇರವಾಗಿ ಕೊಡುತ್ತದೆ. ಮೇಷ್ಟ್ರುಗಳನ್ನು ಪಬ್ಲಿಕ್ ಸರ್ವಿಸ್ ಕಮಿಷನ್ ಆರಿಸಿದ ಪಟ್ಟಿಯಿಂದಲೇ ತೆಗೆದುಕೊಳ್ಳಬೇಕು, ಅದರಲ್ಲಿ ಮೀಸಲಾತಿಯೂ ಇರುತ್ತದೆ. ಮೇಲಧಿಕಾರಿಯ ಒಪ್ಪಿಗೆ ಇಲ್ಲದೆ ಮೇಷ್ಟ್ರನ್ನು ತೆಗೆದುಹಾಕುವ ಹಾಗಿಲ್ಲ. ಪ್ರಾಥಮಿಕ ತರಗತಿಗೆ ಫೀಸು ಇಲ್ಲ. ಶಾಲೆಯನ್ನು ಸರಿಯಾಗಿ ನಡೆಸದಿದ್ದರೆ ಸರ್ಕಾರ ಕೆಲವು ವರ್ಷ ಆಡಳಿತ ವಹಿಸಿಕೊಳ್ಳಬಹುದು, ಬೇಕಾದರೆ ಪರಿಹಾರ ಕೊಟ್ಟು ಶಾಲೆಯನ್ನೇ ತೆಗೆದುಕೊಳ್ಳಬಹುದು.

ಮೊದಲ ಮೂರನ್ನು ಓದಿ ನೋಡಿ. ಇಲ್ಲಿ ಪಕ್ಷದ ಸಿದ್ಧಾಂತಕ್ಕಿಂತ ಜಾಸ್ತಿ ಒಬ್ಬ ಮೇಷ್ಟ್ರ ಧ್ವನಿ ಕೇಳಿಸುತ್ತದೆ. ‘ಪ್ರೊಫೆಸರ್’ ಕಾದಂಬರಿಯ ಮುಂದಿನ ಅಧ್ಯಾಯವೇ ಈ ಮಸೂದೆ ಅಂತ ನನಗೆ ಯಾವಾಗಲೂ ಅನ್ನಿಸಿದೆ.

ಸುಪ್ರೀಂ ಕೋರ್ಟಿಗೆ ಯಾಕೆ ಹೋಯಿತು?

ರಾಜ್ಯಪಾಲ ಬಿ. ರಾಮಕೃಷ್ಣ ರಾವ್ ಮಸೂದೆಯನ್ನು ರಾಷ್ಟ್ರಪತಿಗೆ ಕಳಿಸಿದರು. ರಾಜೇಂದ್ರ ಪ್ರಸಾದರು ಸಂವಿಧಾನದ 143ನೇ ವಿಧಿಯಡಿ ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. 1958ರ ಮೇ 22ರಂದು ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ಪೀಠ ಉತ್ತರ ಕೊಟ್ಟಿತು.

ಪ್ರಶ್ನೆ 30ನೇ ವಿಧಿಯದು. ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ಕಟ್ಟುವ, ನಡೆಸುವ ಹಕ್ಕಿದೆ. ಸರ್ಕಾರದ ದುಡ್ಡು ಪಡೆದರೆ ಆ ಹಕ್ಕು ಎಲ್ಲಿಯವರೆಗೆ? ಶಾಲೆಯನ್ನು ವಹಿಸಿಕೊಳ್ಳುವ ಕಲಮುಗಳು ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸಿದರೆ ಸಂವಿಧಾನಕ್ಕೆ ವಿರುದ್ಧ ಅಂದಿತು ಕೋರ್ಟು. ಫೀಸಿನ ಕಲಮೂ ಅವರ ಮಟ್ಟಿಗೆ ನಿಲ್ಲಲಿಲ್ಲ. ಆದರೆ ಸಂಬಳ, ನೇಮಕದ ಆಯ್ಕೆ, ಕೆಲಸದ ರಕ್ಷಣೆ, ಈ ಮೂರನ್ನು ಅನುದಾನದ ಷರತ್ತುಗಳಾಗಿ ಒಪ್ಪಬಹುದು ಅಂದಿತು. ಗಡಿಯ ಅಂಚಿಗೇ ಬಂದಿವೆ ಅನ್ನೋ ಎಚ್ಚರಿಕೆಯನ್ನೂ ಕೊಟ್ಟಿತು.

ಈ ಅಭಿಪ್ರಾಯ ಇಂದಿಗೂ ಜೀವಂತ. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ 2002ರಲ್ಲಿ 11 ನ್ಯಾಯಮೂರ್ತಿಗಳು ತೀರ್ಪು ಕೊಟ್ಟಾಗ, 1958ರ ಆ ಮಾತುಗಳನ್ನು ಮತ್ತೆ ಬಿಡಿಸಿ ನೋಡಬೇಕಾಯಿತು. ನಮ್ಮ ಖಾಸಗಿ ಕಾಲೇಜುಗಳ ಕಾನೂನಿನ ಬುಡ ಕೆದಕುತ್ತ ಹೋದರೆ ಮುಂಡಶ್ಶೇರಿ ಸಿಗುತ್ತಾರೆ.

ಸರ್ಕಾರ ಬಿದ್ದದ್ದು ಈ ಮಸೂದೆಯಿಂದಲೇನಾ?

ಇದೊಂದರಿಂದಲೇ ಅಲ್ಲ. ಕೆ.ಆರ್. ಗೌರಿಯವರ ಭೂಸುಧಾರಣೆ ಮಸೂದೆಯೂ ಜಮೀನ್ದಾರರನ್ನು ಎದುರು ಹಾಕಿಕೊಂಡಿತ್ತು. ಹೊಸ ಪಠ್ಯಪುಸ್ತಕಗಳಲ್ಲಿ ಕಮ್ಯುನಿಸ್ಟ್ ಪ್ರಚಾರ ಇದೆ ಅನ್ನೋ ಗಲಾಟೆ ಎದ್ದಿತ್ತು. ಆದರೆ ಚರ್ಚಿನ ಶಾಲೆಗಳವರನ್ನೂ ನಾಯರ್ ಸರ್ವಿಸ್ ಸೊಸೈಟಿಯನ್ನೂ ಒಂದೇ ಕಡೆ ತಂದು ನಿಲ್ಲಿಸಿದ್ದರಲ್ಲಿ ಶಿಕ್ಷಣ ಮಸೂದೆಯ ಪಾಲು ದೊಡ್ಡದು. ತಿದ್ದಿದ ಮಸೂದೆಗೆ 1959ರ ಫೆಬ್ರವರಿಯಲ್ಲಿ ರಾಷ್ಟ್ರಪತಿಯ ಅಂಕಿತ ಸಿಕ್ಕಿತು. ಜೂನ್ ತಿಂಗಳಲ್ಲಿ, ಶಾಲೆ ಶುರುವಾಗುವ ಹೊತ್ತಿಗೆ ಸರಿಯಾಗಿ, ಸರ್ಕಾರವನ್ನು ಇಳಿಸಲು ಹೊರಟ ‘ವಿಮೋಚನ ಸಮರ’ ಕಾವೇರಿತು. ನಾಯರ್ ಸರ್ವಿಸ್ ಸೊಸೈಟಿಯ ಮನ್ನತ್ತ್ ಪದ್ಮನಾಭನ್ ಮುಂದಾಳು. ಕಾಂಗ್ರೆಸ್ಸು, ಮುಸ್ಲಿಂ ಲೀಗ್ ಜೊತೆಗಿದ್ದವು. ಜೂನ್ 13ರಂದು ಅಂಗಮಾಲಿಯಲ್ಲಿ ಪೊಲೀಸ್ ಗುಂಡಿಗೆ ಏಳು ಜನ ಸತ್ತರು. ಆ ಸಾವುಗಳನ್ನು ಮರೆತು ಈ ಕಥೆ ಹೇಳಬಾರದು. ಜುಲೈ 31ರಂದು ಕೇಂದ್ರ 356ನೇ ವಿಧಿ ಬಳಸಿ ಸರ್ಕಾರವನ್ನು ವಜಾ ಮಾಡಿತು.

ಹಾಗಾದರೆ ಅವರು ಸೋತರು ಅನ್ನಬಹುದೇ?

ಕುರ್ಚಿ ಹೋಯಿತು, ನಿಜ. ಕಮಿಷನ್ ಮೂಲಕ ನೇಮಕ ಅನ್ನೋ ಕಲಮನ್ನು ಮುಂದೆ ಬಂದ ಸರ್ಕಾರ ಕೈಬಿಟ್ಟಿತು. ಇವತ್ತೂ ಅಲ್ಲಿನ ಅನುದಾನಿತ ಶಾಲೆಗಳಲ್ಲಿ ನೇಮಕ ಮ್ಯಾನೇಜರದು, ಸಂಬಳ ಸರ್ಕಾರದ್ದು. ಅದರ ಬಗ್ಗೆ ವಾದ ನಿಂತೇ ಇಲ್ಲ.

ಆದರೆ ಕಾನೂನು ಉಳಿಯಿತು. ಮೇಷ್ಟ್ರ ಸಂಬಳ ನೇರವಾಗಿ ಬರುವುದು ಉಳಿಯಿತು. ಒಂದು ಮಾತಿಗೆ ಕೆಲಸ ಕಳೆದುಕೊಳ್ಳುವ ಭಯ ಹೋಯಿತು. ಶಾಲಾ ಮೇಷ್ಟ್ರಾಗಿ ಗೌರವದಿಂದ ಸಂಸಾರ ನಡೆಸಬಹುದು ಅನ್ನೋ ಸ್ಥಿತಿ ಬಂತು. ಅದನ್ನು ಕೊಟ್ಟ ಮನುಷ್ಯ ಸೋತರು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಕಾಸರಗೋಡಿನ ಕನ್ನಡ ಶಾಲೆಗಳಿಗೆ ಇದರಿಂದ ಏನಾಯಿತು?

ಗಡಿನಾಡಿನವರು ಕೇಳುವ ಪ್ರಶ್ನೆ ಇದು. ರಾಜ್ಯ ವಿಂಗಡಣೆಯಲ್ಲಿ ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಆ ನೋವು ನಮ್ಮಲ್ಲಿ ಇನ್ನೂ ಆರಿಲ್ಲ. ಅಲ್ಲಿನ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಅನುದಾನಿತ ಶಾಲೆಗಳು ಬಹಳ. ಅವು ಮದ್ರಾಸಿನ ನಿಯಮದಿಂದ ಕೇರಳದ ಈ ಕಾನೂನಿನ ಕೆಳಗೆ ಬಂದವು. ಹಾಗಾಗಿ ಅಲ್ಲಿ ಕನ್ನಡ ಕಲಿಸುವ ಮೇಷ್ಟ್ರ ಸಂಬಳ, ಕೆಲಸದ ಭದ್ರತೆ ಎಲ್ಲ ನಿಂತಿರುವುದು ಮುಂಡಶ್ಶೇರಿ ಹಾಕಿದ ಅಡಿಪಾಯದ ಮೇಲೆ. ‘ಕೆ.ಇ.ಆರ್.’ ಅಂತ ಅಲ್ಲಿನ ಮೇಷ್ಟ್ರುಗಳು ದಿನಾ ಹೇಳುವುದು ಕೇಳಿರುತ್ತೀರಿ. ಈ ಕಾನೂನಿನ ಅಡಿಯಲ್ಲಿ 1959ರಲ್ಲಿ ಬಂದ ಕೇರಳ ಶಿಕ್ಷಣ ನಿಯಮಗಳೇ ಅವು. ಭಾಷೆಯ ವಿಷಯದಲ್ಲಿ ಕಾಸರಗೋಡಿನ ಕನ್ನಡಿಗರ ದೂರುಗಳು ಬೇರೆ ಇವೆ, ನ್ಯಾಯವಾದವೇ ಇವೆ. ಆದರೆ ಆ ಲೆಕ್ಕವನ್ನು ಇವರ ತಲೆಗೆ ಕಟ್ಟುವುದು ಸರಿಯಲ್ಲ.

ಅಧಿಕಾರ ಹೋದ ಮೇಲೆ ಏನು ಮಾಡಿದರು?

ಬರೆದರು, ಮಾತಾಡಿದರು. 1971ರಲ್ಲಿ ಕೊಚ್ಚಿ ವಿಶ್ವವಿದ್ಯಾಲಯ ಶುರುವಾದಾಗ ಅದರ ಮೊದಲ ಕುಲಪತಿಯಾದರು. ಈಗ ಅದು ವಿಜ್ಞಾನ ಮತ್ತು ತಂತ್ರಜ್ಞಾನಕ್ಕೆ ಹೆಸರಾದ ವಿಶ್ವವಿದ್ಯಾಲಯ. ಭೌತಶಾಸ್ತ್ರ ಓದಿ ಸಾಹಿತ್ಯಕ್ಕೆ ಹೋದ ಹುಡುಗ ಕಡೆಗೆ ಇಲ್ಲಿಗೆ ಬಂದದ್ದು ಸಂತೋಷ ಕೊಡುತ್ತದೆ.

ಎಂ.ಎನ್. ವಿಜಯನ್, ಸುಕುಮಾರ್ ಅಳೀಕೋಡ್ ಅಂತ ಕೇಳಿದ್ದೇವೆ. ಅವರೂ ಇದೇ ಸಾಲಿನವರಾ?

ಮೂವರೂ ಮೇಷ್ಟ್ರು, ಮೂವರೂ ವಿಮರ್ಶಕರು, ಮೂವರ ಭಾಷಣಕ್ಕೂ ಜನ ಸೇರುತ್ತಿದ್ದರು. ಕೇರಳದಲ್ಲಿ ಇಂಥವರನ್ನು ಪ್ರೀತಿಯಿಂದ ‘ಮಾಷ್’ ಅನ್ನುತ್ತಾರೆ. ನಾವು ಮೇಷ್ಟ್ರು ಅಂದ ಹಾಗೆ. ಆದರೆ ಅಳೀಕೋಡ್ ಗಾಂಧಿ ದಾರಿಯವರು. ವಿಜಯನ್ ಎಡದವರು, ಮುಂಡಶ್ಶೇರಿಗಿಂತ ಒಂದು ತಲೆಮಾರು ಚಿಕ್ಕವರು. ಹುಟ್ಟಿದ್ದು 1930ರಲ್ಲಿ, ಬಹುಕಾಲ ಪಾಠ ಹೇಳಿದ್ದು ತಲಶ್ಶೇರಿಯ ಬ್ರೆಣ್ಣನ್ ಕಾಲೇಜಿನಲ್ಲಿ. ಫ್ರಾಯ್ಡ್‌ನ ಮನಶ್ಶಾಸ್ತ್ರ ಹಿಡಿದು ವೈಲೋಪ್ಪಿಳ್ಳಿಯವರ ‘ಮಾಂಬಳಂ’ ಕವಿತೆಯನ್ನು ಓದಿದ್ದಕ್ಕೆ ಹೆಸರಾದರು. ಅವರ ಮಾತು ಮೆಲ್ಲಗೆ, ತಗ್ಗಿದ ದನಿಯಲ್ಲಿ ಬರುತ್ತಿತ್ತು. 2007ರ ಅಕ್ಟೋಬರ್ 3ರಂದು ತ್ರಿಶೂರಿನಲ್ಲಿ ಪತ್ರಕರ್ತರ ಮುಂದೆ ಮಾತಾಡುತ್ತಿದ್ದಾಗಲೇ ಕುಸಿದು ತೀರಿಕೊಂಡರು.

ಮುಂಡಶ್ಶೇರಿ ಮೇಲೆ ಟೀಕೆಗಳೇ ಇಲ್ವಾ?

ಇವೆ. ಅವರ ಮೊದಮೊದಲ ಗದ್ಯ ಬಿಗಿ, ಸಂಸ್ಕೃತ ಗೊತ್ತಿಲ್ಲದವರಿಗೆ ಕಷ್ಟ. ಮಾತಿನಲ್ಲಿ ಖಾರ ಜಾಸ್ತಿ. ಮಸೂದೆಯ ವಿಷಯದಲ್ಲೂ ಅಲ್ಪಸಂಖ್ಯಾತರ ಆತಂಕ ಪೂರ್ತಿ ಸುಳ್ಳಾಗಿರಲಿಲ್ಲ. ಕೋರ್ಟೇ ಅದನ್ನು ಹೇಳಿತಲ್ಲ. ಶಾಲೆ ವಹಿಸಿಕೊಳ್ಳುವ ಕಲಮುಗಳನ್ನು ಅಷ್ಟು ಅವಸರದಲ್ಲಿ ತರದೆ, ಮೊದಲು ಸಂಬಳ ಮತ್ತು ರಕ್ಷಣೆಯನ್ನು ಮಾತ್ರ ಗಟ್ಟಿ ಮಾಡಿದ್ದರೆ ಚೆನ್ನಾಗಿತ್ತು ಅಂತ ನನಗೂ ಅನ್ನಿಸುತ್ತದೆ. ರೂಪ ಗಟ್ಟಿಯಾಗಿರಬೇಕು ಅಂದ ಮನುಷ್ಯನ ಬಗ್ಗೆಯೇ ಈ ಮಾತು ಹೇಳಬೇಕಾದದ್ದಕ್ಕೆ ಬೇಸರವಿದೆ.

ಯಾವ ಪುಸ್ತಕದಿಂದ ಶುರು ಮಾಡಲಿ?

ಮಲಯಾಳಂ ಓದಲು ಬಂದರೆ ಆತ್ಮಕಥೆ ‘ಕೊಳಿಞ್ಞ ಇಲಕಳ್’ನಿಂದ. ಉದುರಿದ ಎಲೆಗಳು ಅಂತ ಅರ್ಥ. ‘ಇಲ’ ನಮ್ಮ ಎಲೆಯೇ. ಆಮೇಲೆ ‘ಪ್ರೊಫೆಸರ್’. ‘ಕಾವ್ಯಪೀಠಿಕ’ಕ್ಕೆ ಕೈ ಹಾಕುವುದು ಕೊನೆಗೆ ಇರಲಿ. ನಮ್ಮ ಕಾವ್ಯಮೀಮಾಂಸೆ ಸ್ವಲ್ಪ ಓದಿದವರಿಗೆ ಅದು ಬೇಗ ಒಗ್ಗುತ್ತದೆ. ಪಾರಿಭಾಷಿಕ ಪದಗಳು ಬಹುಪಾಲು ಎರಡೂ ಭಾಷೆಗೆ ಒಂದೇ.

ಅವರ ಊರನ್ನು ನೋಡಬಹುದಾ?

ಧಾರಾಳವಾಗಿ. ಮಂಗಳೂರಿನಿಂದ ರೈಲು ಹತ್ತಿದರೆ ಕಣ್ಣೂರು, ಕೋಳಿಕ್ಕೋಡು, ಶೊರನೂರು ದಾಟಿ ತ್ರಿಶೂರು. ಊರೊಳಗೆ ತೇಕ್ಕಿನ್‌ಕಾಡ್ ಮೈದಾನದಲ್ಲಿ ಒಂದು ಸುತ್ತು ಹಾಕಿ. ಕೇರಳ ಸಾಹಿತ್ಯ ಅಕಾಡೆಮಿಯೂ ಅದೇ ಊರಿನಲ್ಲಿದೆ. ವಾಡಾನಪ್ಪಳ್ಳಿ ಕಡೆಗೆ ಹೋಗುವ ಬಸ್ಸು ಹಿಡಿದರೆ ದಾರಿಯಲ್ಲೇ ಕಂಡಶ್ಶಾಂಕಡವು. ದೋಣಿ ಪಂದ್ಯಕ್ಕೂ ಹೆಸರಾದ ಊರು ಅದು. ಕಾಲುವೆ ನೋಡಿಕೊಂಡು ಅಲ್ಲಿನ ಸರ್ಕಾರಿ ಹೈಯರ್ ಸೆಕೆಂಡರಿ ಶಾಲೆಯ ಕಡೆಗೆ ನಡೆಯಿರಿ. ಫಲಕದ ಮೇಲೆ ಪ್ರೊಫೆಸರ್ ಜೋಸೆಫ್ ಮುಂಡಶ್ಶೇರಿ ಅವರ ಹೆಸರಿದೆ.